ದುರುಗಿಯ ಮೈಮೇಲಿನ ಹನ್ನೊಂದು ಬರೆ

ಕಾದ ಕಬ್ಬಿಣದಿಂದ ಮಗುವಿನ ಮೈ ಸುಟ್ಟರೆ ಯಾವ ರೋಗವೂ ವಾಸಿಯಾಗುವುದಿಲ್ಲ. ಇದನ್ನೂ ಹೇಳಿಸಿಕೊಳ್ಳಬೇಕಾದ ಸ್ಥಿತಿಯಲ್ಲಿ ನೀವಿದ್ದರೆ ಮೊದಲು ನಾಚಿಕೆಪಡಿ, ಆಮೇಲೆ ಸಾಸ್ವೆಹಳ್ಳಿಯ ಅಜ್ಜಮ್ಮನ ಕಥೆ ಓದಿ.

ಅಜ್ಜಮ್ಮ ಗದ್ದೆ ನಾಟಿಗೆ ಹೋಗುವವಳು, ಅಕ್ಷರ ಬಾರದು. ಮಗಳು ದುರುಗಿ ಹುಟ್ಟಿದ್ದು 1979ರಲ್ಲಿ. ಒಂಬತ್ತು ತಿಂಗಳಿದ್ದಾಗ ಒಂದು ಬೆಳಿಗ್ಗೆ ಮಗುವಿನ ಬಲಗೈ, ಬಲಗಾಲು ಒದ್ದೆ ಬಟ್ಟೆಯಂತೆ ಜೋತುಬಿದ್ದವು. ಗಂಡ ಗಿಡ್ಡಪ್ಪ ಮಗುವನ್ನೆತ್ತಿಕೊಂಡು ಓಡಿದ್ದು ಬರೆ ಹಾಕುವ ಮಾರಪ್ಪನ ಅಂಗಳಕ್ಕೆ. ಮಾರಪ್ಪ ಕುಡುಗೋಲಿನ ತುದಿ ಕೆಂಪಗೆ ಕಾಯಿಸಿ ಸೋತ ತೋಳಿನ ಮೇಲೆ ಎಳೆದ. ಹರಳೆಣ್ಣೆ ಸವರಿ, ಮಗು ತಾನಾಗಿ ಏಳುವವರೆಗೆ ಯಾರೂ ಎಬ್ಬಿಸಕೂಡದು ಎಂದು ಕಟ್ಟಪ್ಪಣೆ ಮಾಡಿದ. ಅತ್ತು ಅತ್ತು ಸುಸ್ತಾದ ಮಗು ಮಲಗಿತು. ಎದ್ದಾಗ ಎರಡೂ ಕೈ ಆಡುತ್ತಿದ್ದವು. ಗಿಡ್ಡಪ್ಪ ಮಾರಪ್ಪನ ಕಾಲಿಗೆ ಬಿದ್ದ.

ಮೂರು ವಾರಕ್ಕೆ ಎಡಗೈ ಸೋತಿತು. ಎಡಕ್ಕೊಂದು ಬರೆ. ಆಮೇಲೆ ಮತ್ತೆ ಬಲ. ತನ್ನ ಕುಡುಗೋಲಿಗೆ ಹೆದರಿ ರೋಗವೇ ಪಕ್ಕ ಬದಲಿಸುತ್ತಿದೆ ಎಂದು ಮಾರಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ.

ನಡುವೆ ಪೇಟೆಯ ಡಾಕ್ಟರೊಬ್ಬರು ಅಂಗಿಯನ್ನೂ ಬಿಚ್ಚಿಸದೆ ಚೀಟಿಯಲ್ಲಿ ಪೋಲಿಯೊ ಎಂದು ಗೀಚಿದರು. ಪೋಲಿಯೊ ಹೊಡೆದ ಕೈ ಬೆಳಿಗ್ಗೆ ಸೋತು ಸಂಜೆ ರೊಟ್ಟಿ ಮುರಿಯುತ್ತದೆಯೇ ಎಂದು ಅಜ್ಜಮ್ಮ ಕೇಳಿದ್ದಕ್ಕೆ, ಡಾಕ್ಟರು ಯಾರು, ನೀನೋ ನಾನೋ ಎಂದರಂತೆ. ಆ ಪುಣ್ಯಾತ್ಮರು ಈಗ ನಿವೃತ್ತರು, ಪಿಂಚಣಿ ತಪ್ಪದೆ ಬರುತ್ತಿದೆ. ಬರಲಿ. ಈ ಸಾಲನ್ನೂ ಓದಲಿ.

1984ರಲ್ಲಿ ಅಜ್ಜಮ್ಮ ಗಂಡನಿಗೆ ಹೇಳದೆ ದಾವಣಗೆರೆಯ ಬಸ್ಸು ಹತ್ತಿದಳು. ಅಲ್ಲಿ ಮಕ್ಕಳ ಡಾಕ್ಟರೊಬ್ಬರು ಅಂಗಿ ಬಿಚ್ಚಿಸಿದರು. ಹನ್ನೊಂದು ಕಲೆ. ಒಂದರ ಮೇಲೆ ಬೆರಳಿಟ್ಟು ಕೇಳಿದರು.

“ಇದು ಯಾವಾಗಿನದಮ್ಮಾ?”

“ಶೀಗಿ ಹುಣ್ಣಿಮೆ ಮುಂದೆ ಸಾರ್. ಎಡಗೈ ಎತ್ತಾಕೇ ಆಗ್ಲಿಲ್ಲ. ಮಲಗಿ ಎದ್ದಮ್ಯಾಲೆ ಸರಿಹೋತು.”

“ಇದು?”

“ಯುಗಾದಿ ಆದ ವಾರಕ್ಕೆ. ಬಲಗೈ. ಮಲಗಿ ಎದ್ದಮ್ಯಾಲೆ…”

ತಾನು ಹೇಳುತ್ತಿರುವುದು ಏನೆಂದು ಅಜ್ಜಮ್ಮನಿಗೇ ಆಗ ಕೇಳಿಸಿತು: ಕೈ ಸರಿಮಾಡಿದ್ದು ಬರೆಯಲ್ಲ, ನಿದ್ದೆ.

ಡಾಕ್ಟರು ದಪ್ಪ ಪುಸ್ತಕ ತೆಗೆದು ಬಹಳ ಹೊತ್ತು ಓದಿದರು. ಲಕ್ಷಕ್ಕೊಬ್ಬರಿಗೂ ಬಾರದ ಮಿದುಳಿನ ಕಾಯಿಲೆ ಎಂದರು. ಅರ್ಧ ಮೈ ಸೋಲುತ್ತದೆ, ಪಕ್ಕ ಬದಲಿಸುತ್ತದೆ, ನಿದ್ದೆ ಬಂದರೆ ಇಳಿಯುತ್ತದೆ, ಕೆಲವು ಸಲ ಎದ್ದಮೇಲೆ ಮರಳಿ ಬರುವುದೂ ಉಂಟು. ಪೂರ್ತಿ ವಾಸಿಮಾಡುವ ಔಷಧಿ ಇಲ್ಲ. ರೋಗ ಪತ್ತೆಯಾದದ್ದು ಮಾರಪ್ಪನ ಬರೆಗಳಿಂದಲೇ: ಎಡ, ಬಲ, ಎಡ, ಬಲ. ಅವನ ವಿರುದ್ಧದ ಸಾಕ್ಷಿಯನ್ನು ಅವನೇ ಆ ಮಗುವಿನ ಚರ್ಮದ ಮೇಲೆ ದಾಖಲಿಸಿದ್ದ.

ಹದಿನೈದು ದಿನಕ್ಕೆ ಮತ್ತೆ ಎಡಗೈ ಸೋತಿತು. ಗಿಡ್ಡಪ್ಪ ಹೇಳುವ ಮೊದಲೇ ಅಜ್ಜಮ್ಮ ಮಗುವನ್ನೆತ್ತಿಕೊಂಡು ಹೋಗಿ ಮಾರಪ್ಪನ ಅಂಗಳದಲ್ಲಿ ಕೂತಳು. ಕುಡುಗೋಲು ಕೆಂಡದಲ್ಲಿತ್ತು. ಕೂಸುಗಳನ್ನು ತಂದ ಮೂವರು ತಾಯಂದಿರು ಸರದಿಗೆ ಕಾಯುತ್ತಿದ್ದರು.

“ಮಾರಣ್ಣ, ಇವತ್ತು ಕುಡುಗೋಲು ಬ್ಯಾಡ. ಮಗೀನ ಸುಮ್ನೆ ಮಲಗಿಸ್ತೀನಿ. ಎದ್ದಾಗ ಕೈ ಆಡ್ಲಿಲ್ಲ ಅಂದ್ರೆ ಹನ್ನೆರಡನೇದು ನನ್ನ ಮೈಗೆ ಹಾಕು.”

“ಡಾಕ್ಟ್ರಮ್ಮ ಬಂದಾಳೆ, ನೋಡ್ರವ್ವ” ಎಂದು ಮಾರಪ್ಪ ನಕ್ಕ.

ಅಜ್ಜಮ್ಮ ಮಗುವನ್ನು ತೊಡೆಯ ಮೇಲೆ ತಟ್ಟಿ ಮಲಗಿಸಿದಳು. ಮರಳಿ ಬರುವುದೂ ಉಂಟು ಎಂಬ ಡಾಕ್ಟರ ಮಾತು ನೆನೆದು ತಟ್ಟುವುದನ್ನು ನಿಲ್ಲಿಸಲಿಲ್ಲ. ಒಂದು ಗಂಟೆ ಕಳೆಯಿತು. ದುರುಗಿ ಕಣ್ಣುಬಿಟ್ಟು, ಎಡಗೈ ಚಾಚಿ, ತಾಯಿಯ ಬಳೆ ಹಿಡಿದುಕೊಂಡಳು.

ಮೂವರು ತಾಯಂದಿರೂ ಎದ್ದು ಹೊರಟುಹೋದರು. ಅಜ್ಜಮ್ಮ ಕುಡುಗೋಲನ್ನು ಕೆಂಡದಿಂದೆತ್ತಿ ನೀರಿನ ಬಾನಿಗೆ ಅದ್ದಿದಳು.

“ಇದು ಹುಲ್ಲು ಕೊಯ್ಯಾಕೆ ಇರೋದು, ಮಾರಣ್ಣ” ಎಂದು ಮನೆಗೆ ಒಯ್ದಳು. ಇವತ್ತಿಗೂ ಎಮ್ಮೆಗೆ ಅದರಲ್ಲೇ ಹುಲ್ಲು ಕೊಯ್ಯುತ್ತಾಳೆ. ದುರುಗಿಗೆ ಈಗಲೂ ಕೈ ಸೋಲುತ್ತದೆ. ಹನ್ನೆರಡನೇ ಬರೆ ಬಿದ್ದಿಲ್ಲ.

ಮಾರಪ್ಪ ಬೇರೆ ಕುಡುಗೋಲು ಕೊಂಡು ನ್ಯಾಮತಿ ಕಡೆ ಅಂಗಳ ಹೂಡಿದ್ದಾನೆ. ಅಲ್ಲಿ ಸಾಲು ನಿಂತವರು ನಿಮ್ಮ ನೆಂಟರು, ನಿಮ್ಮ ಬೀದಿಯವರು. ನಾಳೆ ಬೆಳಿಗ್ಗೆ ಹೋಗಿ. ಆ ಕುಡುಗೋಲನ್ನೂ ಕಿತ್ತುಕೊಂಡು ಬನ್ನಿ.