ಕಡಲಲ್ಲಿ ನಿಂತ ಗ್ರಹಣ

ಅಮೆರಿಕದ ಯುದ್ಧನೌಕೆಯೊಂದು ಚೆನ್ನೈಗೆ ಬರಲಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ಬೆಳಿಗ್ಗೆ ನಮ್ಮ ಅತ್ತೆ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟರು. ಹಾಲಿನ ಪಾತ್ರೆ, ಮೊಸರು, ಕುಡಿಯುವ ನೀರಿನ ಕೊಡ, ಒಂದನ್ನೂ ಬಿಡಲಿಲ್ಲ. ಅಂದು ಸೂರ್ಯಗ್ರಹಣವೂ ಇರಲಿಲ್ಲ, ಚಂದ್ರಗ್ರಹಣವೂ ಇರಲಿಲ್ಲ. ತುಂಬು ಬಸುರಿಯಾಗಿದ್ದ ನಾನು ಸೋಫಾದ ಮೇಲೆ ಕಾಲು ಚಾಚಿ ಕುಳಿತು ನೋಡುತ್ತಿದ್ದೆ. ನಗು ಬಂತು, ನಕ್ಕೆ ಕೂಡ. ಆದರೆ ನಗುತ್ತಿರುವಾಗಲೇ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿ ಕುಳಿತಿತು.

ಅದು ಎರಡು ಸಾವಿರದ ಏಳನೆಯ ಇಸವಿ. ಬರುವ ಹಡಗು ವಿಮಾನಗಳನ್ನು ಹೊತ್ತು ತಿರುಗುವಂಥದ್ದು, ಅಣುಶಕ್ತಿಯಿಂದ ಓಡುವಂಥದ್ದು. ಬಂದರಿನೊಳಗೆ ಹಿಡಿಸುವುದಿಲ್ಲವಾದ್ದರಿಂದ ತೀರದಿಂದ ಸ್ವಲ್ಪ ದೂರದಲ್ಲಿ ಲಂಗರು ಹಾಕುತ್ತದಂತೆ. ನಮ್ಮ ಮನೆ ತಿರುವಲ್ಲಿಕೇಣಿಯಲ್ಲಿ. ಮಹಡಿ ಹತ್ತಿದರೆ ಕಡಲು ಕಾಣುತ್ತದೆ, ಸಂಜೆಯ ಗಾಳಿಗೆ ಅಡುಗೆಮನೆಯ ಕ್ಯಾಲೆಂಡರು ಪಟಪಟ ಹೊಡೆದುಕೊಳ್ಳುತ್ತದೆ. ಆ ಗಾಳಿಯನ್ನು ಹೊಗಳಿ ಹೊಗಳಿಯೇ ನನ್ನ ಗಂಡ ಮೈಸೂರಿನ ನನ್ನನ್ನು ಈ ಸೆಕೆಯ ಊರಿಗೆ ಒಗ್ಗಿಸಿದ್ದರು.

ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ಹಿಂದೂ ಮಹಾಸಾಗರದಲ್ಲಿ ಅಮೆರಿಕದ ಹಿತಾಸಕ್ತಿಗಳು ಎಂಬುದು ನನ್ನ ಅಚ್ಚುಮೆಚ್ಚಿನ ಪಾಠ. ಪೋಖ್ರಾನಿನಲ್ಲಿ ನಾವು ಬಾಂಬು ಪರೀಕ್ಷಿಸಿದಾಗ ಮುನಿಸಿಕೊಂಡು ನಿರ್ಬಂಧ ಹೇರಿದ ದೇಶವೇ ಈಗ ಅಣು ಒಪ್ಪಂದಕ್ಕೆ ಕೂತಿದೆ, ಚೀನಾದ ಮೇಲೆ ಕಣ್ಣಿಡಲು ಅದಕ್ಕೆ ನಾವು ಬೇಕು, ಈ ಹಡಗು ಬರುತ್ತಿರುವುದು ಹೊಸ ನೆಂಟಸ್ತನದ ಎಲೆಅಡಿಕೆ ಹಿಡಿದುಕೊಂಡು: ಇಷ್ಟನ್ನು ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲವಳಾಗಿದ್ದೆ. ವೇದಿಕೆಯ ಮೇಲೆ ನಿಂತು ಹೇಳುವಾಗ ಅದರಿಂದ ಯಾರಿಗೂ ಹೊಟ್ಟೆನೋವು ಬರುವುದಿಲ್ಲ. ಈಗ ಅದೇ ಪಾಠ ನನ್ನ ಹೊಟ್ಟೆಯ ಮೇಲೇ ಬಂದು ಕೂತಿತ್ತು. ಅದಕ್ಕೆ ಮೊದಲು ನನಗೆ ಎರಡು ಬಸುರು ನಿಲ್ಲದೆ ಹೋಗಿದ್ದವು. ಯಾಕೆ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಯಾಕೆಂದು ಗೊತ್ತಿಲ್ಲದವಳಿಗೆ ಎಲ್ಲವೂ ಕಾರಣವಾಗಿ ಕಾಣುತ್ತದೆ.

ಅತ್ತೆಯದು ತಲೆಮಾರುಗಳಿಂದ ಮದರಾಸಿನಲ್ಲಿ ನೆಲೆನಿಂತ ಮಾಧ್ವರ ಮನೆತನ. ಅವರ ಕನ್ನಡದಲ್ಲಿ ಹಡಗೆಂದರೆ ಕಪ್ಪಲ್, ಹೇಳು ಎಂದರೆ ಸೊಲ್ಲು.

"ಆ ಕಪ್ಪಲ್ ಒಳಗೆ ಅಣು ಉರೀತಾ ಇರುತ್ತಂತೆ. ಸೂರ್ಯನೊಳಗೆ ಉರಿಯೋದೂ ಅದೇ ಅಲ್ವೇನೇ? ನೀನು ಓದಿದವಳು, ನೀನೇ ಸೊಲ್ಲು," ಎಂದರು.

ನಾನು ಓದಿದ್ದು ರಾಜ್ಯಶಾಸ್ತ್ರ. ಎರಡೂ ಬೇರೆ ಬೇರೆ ಬಗೆಯ ಉರಿ ಎಂದು ಎಲ್ಲೋ ಓದಿದ ನೆನಪಿತ್ತು, ಬಿಡಿಸಿ ಹೇಳಲು ಬರಲಿಲ್ಲ. ಅವರಿಗೆ ಅಷ್ಟು ಸಾಕಾಯಿತು. ಗ್ರಹಣಕ್ಕೆ ಇರುವ ನಿಯಮವೆಲ್ಲ ಹಡಗಿಗೂ ಅನ್ವಯಿಸಿತು. ಬಸುರಿ ತರಕಾರಿ ಹೆಚ್ಚಬಾರದು, ಸೂಜಿ ಹಿಡಿಯಬಾರದು. ಬೆಳಕು ಬೀಳದ ಕೋಣೆಯಲ್ಲಿ ಕೈಕಾಲು ಮಡಿಸದೆ ನೇರ ಮಲಗಬೇಕು. ಬಿಸಿಲಿರುವಾಗ ಊಟವಿಲ್ಲ. ಮುಖ್ಯವಾಗಿ, ನೋಡಬಾರದು.

"ಅಮ್ಮಾ, ರೇಡಿಯೇಶನ್ ಇಲ್ಲ ಅಂತ ಗವರ್ಮೆಂಟೇ ಹೇಳಿದೆ. ಡೈಲಿ ಸಮುದ್ರದ ನೀರು ಟೆಸ್ಟ್ ಮಾಡ್ತಾರಂತೆ," ಎಂದರು ನನ್ನ ಗಂಡ.

"ಇಲ್ಲದ್ದಕ್ಕೆ ಟೆಸ್ಟ್ ಎದುಕ್ಕೋ?"

ನನಗೂ ಅದೇ ಪ್ರಶ್ನೆ ಬೆಳಿಗ್ಗೆಯಿಂದ ಕೊರೆಯುತ್ತಿತ್ತು. ಸರಕಾರಗಳು ಏನೂ ಆಗುವುದಿಲ್ಲ ಎಂದು ಹೇಳುವುದು ಯಾವಾಗ ಎಂದು ಓದಿ ಓದಿಯೇ ನಾನು ಸಂಬಳ ತೆಗೆದುಕೊಳ್ಳುತ್ತಿದ್ದದ್ದು. ಅತ್ತೆಯ ಭಯಕ್ಕೆ ದರ್ಭೆಯ ಪರಿಹಾರವಾದರೂ ಇತ್ತು. ನನ್ನ ಓದಿದ ಭಯಕ್ಕೆ ಏನೂ ಇರಲಿಲ್ಲ. ಹಾಗಾಗಿ ನಾನೂ ದರ್ಭೆಯ ಕಡೆಗೇ ಸೇರಿಕೊಂಡೆ.

ಹಡಗು ಬರುವ ಮುನ್ನ ನನ್ನನ್ನು ಕಡಲಿನಿಂದ ದೂರ ಸಾಗಿಸಬೇಕೆಂದು ಅತ್ತೆ ತೀರ್ಮಾನಿಸಿದರು. ನನ್ನ ಡಾಕ್ಟರ ಆಸ್ಪತ್ರೆ ಕೀಲ್ಪಾಕಿನಲ್ಲಿತ್ತು. ಅಲ್ಲಿಯೇ ಹತ್ತಿರದಲ್ಲಿ ಅತ್ತೆಯ ಅಣ್ಣನ ಮನೆಯಿದೆ, ಅಲ್ಲಿಗೆ ಹೋಗೋಣ ಎಂದೆ. "ಕೀಲ್ಪಾಕ್ ಪತ್ತಾದು. ಸಮುದ್ರದ ಗಾಳಿ ಅಲ್ಲಿವರೆಗೂ ಬರುತ್ತೆ," ಎಂದು, ಆ ದೂರ ಸಾಲದೆಂದುಬಿಟ್ಟರು. ಊರಿನ ಆ ತುದಿಗೆ, ಪೋರೂರಿನಲ್ಲಿ ನಾದಿನಿಯ ಫ್ಲಾಟಿತ್ತು. ಭರಣಿ, ದರ್ಭೆ, ನನ್ನ ಮಾತ್ರೆಗಳು, ನಾನು, ಎಲ್ಲ ಒಂದೇ ಟ್ಯಾಕ್ಸಿಯಲ್ಲಿ ಅಲ್ಲಿಗೆ ಹೋದೆವು.

ಪೋರೂರಿನ ಆ ಕೋಣೆಯ ಕಿಟಕಿಗೆ ಅತ್ತೆ ದಪ್ಪ ಜಮಖಾನ ಕಟ್ಟಿದರು. ಹಡಗು ಬಂದಿತು. ನಾನು ನೋಡಲಿಲ್ಲ. ಹಜಾರದಲ್ಲಿ ಟೀವಿ ಹೇಳುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತು: ಬೀಚಿನಲ್ಲಿ ಜನವೋ ಜನ, ಒಂದು ಕಡೆ ಕಪ್ಪು ಬಾವುಟ, ಘೋಷಣೆ, ಇನ್ನೊಂದು ಕಡೆ ಬೈನಾಕ್ಯುಲರ್ ಬಾಡಿಗೆಗೆ. ದೋಣಿಗಳಲ್ಲಿ ಇಳಿದು ಬಂದ ನಾವಿಕರು ಶಾಲೆಗಳಿಗೆ ಬಣ್ಣ ಬಳಿಯುತ್ತಿದ್ದಾರಂತೆ. ನನ್ನ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿ, "ಮ್ಯಾಮ್, ನಮ್ಮ ಸಿಲಬಸ್ಸೇ ಬಂದು ನಿಂತ ಹಾಗಿದೆ, ನೀವು ನೋಡಿದ್ರಾ?" ಎಂದು ಕೇಳಿದಳು. ಇಲ್ಲ, ಮಲಗಿದ್ದೇನೆ ಎಂದೆ.

ಅತ್ತೆ ಆಗಾಗ ಬಾಗಿಲಲ್ಲಿ ತಲೆ ತೂರಿಸಿ ಕೇಳುತ್ತಿದ್ದರು. "ಮೋಕ್ಷ ಯಾವಾಗಂತೆ?"

ಗ್ರಹಣ ಬಿಡುವ ಹೊತ್ತನ್ನು ಪಂಚಾಂಗದಲ್ಲಿ ನಿಮಿಷ ಸಹಿತ ಹಾಕಿರುತ್ತಾರೆ. ಇದಕ್ಕೆ ಪತ್ರಿಕೆಯಲ್ಲಿ ದಿನವೇನೋ ಹಾಕಿದ್ದರು, ಹೊತ್ತು ಹಾಕಿರಲಿಲ್ಲ. ಅಮೆರಿಕದವರು ಹೇಳಿದ ದಿನಕ್ಕೆ ಎಲ್ಲಿಂದಲಾದರೂ ಎದ್ದು ಹೋದದ್ದುಂಟೇ ಎಂದು ನನ್ನೊಳಗಿನ ಮೇಷ್ಟರಮ್ಮ ಗೊಣಗಿದಳು. ಬಸುರಿಗೆ ಉಪವಾಸದಲ್ಲಿ ವಿನಾಯಿತಿಯಿದೆ ಎಂದು ಅತ್ತೆ ತುಳಸಿ ಹಾಕಿದ ಹಾಲು, ಒಂದು ಬಾಳೆಹಣ್ಣು ತಂದಿಡುತ್ತಿದ್ದರು. ನಾನು ಅದನ್ನೂ, ರಾತ್ರಿಯ ಊಟವನ್ನೂ ಹಾಗೇ ಬಿಡುತ್ತಿದ್ದೆ. ಆ ಕತ್ತಲೆಯಲ್ಲಿ ಮಲಗಿ ನಾನು ಮಾಡುತ್ತಿದ್ದ ಕೆಲಸ ಒಂದೇ, ಮಗು ಒದೆಯುವುದನ್ನು ಕಾಯುವುದು.

ಒಂದು ಬೆಳಿಗ್ಗೆ ಅದು ಒದೆಯಲಿಲ್ಲ.

ಮೊದಲು ಮಲಗಿರಬೇಕು ಎಂದುಕೊಂಡೆ. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ. ಬೆರಳಿನಿಂದ ಮೆಲ್ಲಗೆ ತಟ್ಟಿದೆ. ದಿನವೂ ಪಕ್ಕೆಲುಬಿನ ಕೆಳಗೆ ಹಿಮ್ಮಡಿ ಒತ್ತಿ ಕಾಟ ಕೊಡುತ್ತಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಹಿಂದಿನ ಎರಡು ಸಲವೂ ಹೀಗೆಯೇ, ನೋವಿಲ್ಲದೆ, ಸದ್ದಿಲ್ಲದೆ ಶುರುವಾಗಿತ್ತು. ಎದ್ದು ಗೋಡೆ ಹಿಡಿದುಕೊಂಡು ಅತ್ತೆಯ ಬಳಿಗೆ ಹೋದೆ.

ಅತ್ತೆ ನನ್ನ ಮುಖ ನೋಡಿದರು, ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡಿದರು. ನಾದಿನಿ ಕೆಲಸಕ್ಕೆ ಹೋಗಿದ್ದಳು. ಗಂಡ ತಿರುವಲ್ಲಿಕೇಣಿಯಲ್ಲಿ. ಡಾಕ್ಟರಿಗೆ ಫೋನು ಮಾಡಿದರೆ ತಕ್ಷಣ ಕರೆತನ್ನಿ ಎಂದರು. ಕೀಲ್ಪಾಕ್ ಎಂದರೆ ಕಡಲಿನ ದಿಕ್ಕಿಗೆ ವಾಪಸು ಹೋಗುವುದು, ಅದೂ ಹಾಡಹಗಲು, ಗ್ರಹಣದ ನಡುವೆ. ಅತ್ತೆ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಚಪ್ಪಲಿಯನ್ನೂ ಹಾಕದೆ ಮೆಟ್ಟಿಲಿಳಿದು ಟ್ಯಾಕ್ಸಿ ನಿಲ್ಲಿಸಲು ಓಡಿದರು.

ಕೋಯಂಬೇಡಿನ ಹತ್ತಿರ ಟ್ಯಾಕ್ಸಿ ನಿಂತೇಬಿಟ್ಟಿತು. ಮಾರ್ಕೆಟ್ಟಿಗೆ ಹೋಗುವ ಲಾರಿಗಳು, ಹೊರಬರುವ ಬಸ್ಸುಗಳು, ಎಲ್ಲಕ್ಕೂ ಮುಂದೆ ಪೊಲೀಸರು. "ಅಮೆರಿಕಾಕಾರಂಗ ಬಸ್ ವರುದಾಮ್ಮಾ," ಎಂದ ಚಾಲಕ, ಅಮೆರಿಕದವರ ಬಸ್ಸು ಬರುತ್ತಿದೆಯಂತೆ ಎಂದು. ನಾನು ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದು ಒಳಗಿನ ಒಂದು ಒದೆತಕ್ಕಾಗಿ ಕಾಯುತ್ತಿದ್ದೆ. ಆಗ ಅತ್ತೆ ಮಾತಾಡತೊಡಗಿದರು. ನನ್ನ ಜೊತೆ ಅನ್ನುವುದಕ್ಕಿಂತ ಮುಂದಿನ ಸೀಟಿನ ಜೊತೆ ಮಾತಾಡಿದ ಹಾಗಿತ್ತು.

"ಎಪ್ಪತ್ತೊಂದ್ರಲ್ಲಿ ಯುದ್ಧ ನಡೀತಿದ್ದಾಗ ನಾನೂ ಹೀಗೇ ಇದ್ದೆ. ನಿನ್ನ ಗಂಡ ಇನ್ನೂ ಹುಟ್ಟಿರ್ಲಿಲ್ಲ, ಅವನಿಗಿಂತ ಮುಂಚಿನದು. ಬ್ಲ್ಯಾಕೌಟ್ ಅಂತ ಬೀದೀಲಿ ಒಂದು ದೀಪ ಇಲ್ಲ. ಅಮೆರಿಕಾ ಕಪ್ಪಲ್ ನಮ್ಮ ಸಮುದ್ರಕ್ಕೆ ಬರ್ತಾ ಇದೆ ಅಂತ ರೇಡಿಯೋದಲ್ಲಿ ಸೊಲ್ಲಿದ್ರು. ಎಲ್ರೂ ಅದೇ ಮಾತು. ನಾನು ಮಾಡೀಲಿ ಒಣಹಾಕಿದ ಸೀರೆ ತರೋಕೆ ಹೋದವಳು ನೋಡ್ತಾ ನಿಂತೆ, ಕಪ್ಪಲ್ ಕಾಣುತ್ತೋ ಅಂತ. ರೊಂಬ ಹೊತ್ತು ನಿಂತೆ. ಇಳಿಯೋವಾಗ ಕತ್ತಲೇಲಿ ಕಾಲು ಜಾರಿತು."

ನಾನು ಕಣ್ಣು ಬಿಟ್ಟೆ.

"ಗಂಡು ಮಗು," ಎಂದರು. "ಬಸುರಿ ನೋಡಬಾರದ್ದನ್ನ ನೋಡೋಕೆ ಹೋದೆ ನಾನು."

ಆ ಮನೆಗೆ ಬಂದು ವರ್ಷಗಳಾಗಿದ್ದರೂ ಈ ಮಗುವಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಎಪ್ಪತ್ತೊಂದರ ಹಡಗಿನ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತಿದ್ದೆ. ಪಾಕಿಸ್ತಾನದ ಬೆಂಬಲಕ್ಕೆಂದು ಅದು ಬಂಗಾಳ ಕೊಲ್ಲಿಗೆ ಬಂತು, ನಮ್ಮನ್ನು ಹೆದರಿಸಲು ಬಂತು, ಒಂದು ಗುಂಡೂ ಹಾರಿಸದೆ ಹಿಂದಿರುಗಿತು. ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಗುಂಡು ಹಾರಿಸಲಿಲ್ಲ ಎಂಬಲ್ಲಿಗೆ ಪಾಠ ಮುಗಿಯುತ್ತಿತ್ತು.

ಆ ಹೊತ್ತಿಗೆ ಬಸ್ಸು ಬಂತು. ಎದುರು ದಿಕ್ಕಿನಿಂದ, ನಮ್ಮ ಪಕ್ಕದಲ್ಲೇ ನಿಧಾನ ಹಾದುಹೋಯಿತು. ಒಳಗೆ ಬನಿಯನ್ನು ತೊಟ್ಟ ಹುಡುಗರು, ಬಿಸಿಲಿಗೆ ಕೆಂಪಾದ ಮೂಗುಗಳು. ಒಬ್ಬನ ತೋಳಿಗೆಲ್ಲ ನೀಲಿ ಬಣ್ಣ ಮೆತ್ತಿತ್ತು. ನನ್ನ ಹೊಟ್ಟೆ ನೋಡಿ ಅವನು ನಕ್ಕು ಕೈ ಬೀಸಿದ. ಅತ್ತೆ ಸರಕ್ಕನೆ ತಮ್ಮ ಸೆರಗನ್ನೆಳೆದು ನನ್ನ ಹೊಟ್ಟೆಯ ಮೇಲೆ ಹೊದಿಸಿ, ಅದರ ಮೇಲೆ ಎರಡೂ ಕೈ ಒತ್ತಿ ಹಿಡಿದರು. ಆ ಹುಡುಗನ ಬಗ್ಗೆ ನನಗೆ ಹೆದರಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ದಾರಿ ಬಿಡು ಮಹರಾಯ, ದಾರಿ ಬಿಡು ಎಂದಷ್ಟೇ ಬೇಡಿಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆಗೆ ತಣ್ಣನೆಯ ಜೆಲ್ಲು ಹಚ್ಚಿದರು. ಯಂತ್ರ ಕರಕರ ಎಂದಿತು. ಅವರು ಹುಬ್ಬು ಗಂಟಿಕ್ಕಿ ಅಲ್ಲಿ ಇಲ್ಲಿ ಒತ್ತಿ ಹುಡುಕುತ್ತಿದ್ದರು. ಅತ್ತೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಅಷ್ಟು ಹೊತ್ತು ನಾನು ದೇವರನ್ನೂ ನೆನೆಯಲಿಲ್ಲ, ನೆನೆದರೆ ಎಲ್ಲಿ ಕೆಟ್ಟ ಉತ್ತರ ಬಂದುಬಿಡುತ್ತದೋ ಎಂಬ ಭಯ. ಆಮೇಲೆ ಕರಕರದ ನಡುವಿನಿಂದ ಆ ಸದ್ದು ಎದ್ದಿತು, ಡಬಡಬಡಬ ಎಂದು, ಅವಸರದಲ್ಲಿ.

ಅತ್ತೆ ತಿರುಗಿದರು. "ಅದು ಮೆಷಿನ್ ಸದ್ದಾ?"

"ಪಾಪಾ ಹಾರ್ಟ್ ಬೀಟ್ ಪಾಟಿ," ಎಂದು ಡಾಕ್ಟರು ನಕ್ಕರು, ಮಗುವಿನ ಎದೆಬಡಿತ ಅಜ್ಜೀ ಎಂದು. ನಂತರ ನನ್ನ ರೆಪ್ಪೆಯೆಳೆದು ನೋಡಿ ಗಂಭೀರವಾಗಿ ಕೇಳಿದರು, "ಕಡೈಸಿಯಾ ಎಪ್ಪೊ ಸಾಪ್ಟೀಂಗ?"

ಕೊನೆಯ ಸಲ ಯಾವಾಗ ಉಂಡದ್ದು ಎಂದು ನಾನು ಬೆರಳೆಣಿಸತೊಡಗಿದೆ. ಗ್ಲೂಕೋಸ್ ಏರಿಸಿದರು, ಕುಡಿಯಲು ಸಿಹಿಯಾದ ಹಣ್ಣಿನ ರಸ ಕೊಟ್ಟರು. ಸ್ವಲ್ಪ ಹೊತ್ತಿಗೆ ಪಕ್ಕೆಲುಬಿನ ಕೆಳಗೆ ಹಿಮ್ಮಡಿ ಬಂದು ಒತ್ತಿತು. ನಾನು ಜೋರಾಗಿ ಅತ್ತುಬಿಟ್ಟೆ. ಚೆನ್ನಾಗಿ ಬೈಸಿಕೊಂಡೆವು ಇಬ್ಬರೂ. ಬಸುರಿಯನ್ನು ಕತ್ತಲೆಯಲ್ಲಿ ಉಪವಾಸ ಕೆಡವಿದ್ದಕ್ಕೆ ಡಾಕ್ಟರು ಇಂಗ್ಲಿಷಿನಲ್ಲಿ ಶುರುಮಾಡಿ ತಮಿಳಿನಲ್ಲಿ ಮುಗಿಸಿದರು. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಪೋರೂರಿಗೆ ಮರಳಿದ ಮೇಲೆ ನನಗೆ ಹಗಲಲ್ಲೇ ಅನ್ನ ತಿನ್ನಿಸಿದರು, ತುತ್ತು ತುತ್ತಾಗಿ. ಆದರೆ ತಾವು ಮಾತ್ರ ಹಡಗು ಹೋಗುವವರೆಗೆ ಬಿಸಿಲಿರುವಾಗ ಏನೂ ಮುಟ್ಟಲಿಲ್ಲ.

ಹಡಗು ಹೊರಟ ದಿನ ಗಂಡ ತಿರುವಲ್ಲಿಕೇಣಿಯ ಮಹಡಿಯಿಂದಲೇ ಪೋರೂರಿಗೆ ಫೋನು ಮಾಡಿದರು. "ಹೋಯ್ತು. ಸಮುದ್ರ ಖಾಲಿ, ಅಮ್ಮನಿಗೆ ಹೇಳು," ಎಂದರು. ಹೇಳಿದೆ. ಅತ್ತೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಗ್ರಹಣ ಬಿಟ್ಟ ಮೇಲಿನ ಸ್ನಾನ, ನಾನೂ ಮಾಡಬೇಕಿತ್ತು. ಕಾದೆ. ಚೆಂಬಿನ ಮೇಲೆ ಚೆಂಬು ನೀರು ಸುರಿಯುವ ಸದ್ದು ಬರುತ್ತಲೇ ಇತ್ತು, ನಿಲ್ಲಲಿಲ್ಲ. ನನಗೆ ಗಾಬರಿಯಾಗಿ ಬಾಗಿಲು ತಟ್ಟಿದೆ.

ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತ ಬಂದರು. ಕಣ್ಣು ಕೆಂಪಾಗಿತ್ತು. ಭರಣಿಯ ಮೇಲಿನ ದರ್ಭೆಯನ್ನು ಒಂದೊಂದಾಗಿ ತೆಗೆದರು.

"ಇಷ್ಟು ಹೊತ್ತಾ ಅತ್ತೆ? ಒಂದು ಸ್ನಾನಕ್ಕೆ?" ಎಂದೆ.

"ಎರಡು," ಎಂದರು. "ಆವಾಗ ಬಂದಿದ್ದ ಕಪ್ಪಲ್ ಹೋಯ್ತು ಅಂತ ನನಗೆ ಯಾರೂ ಸೊಲ್ಲಲೇ ಇಲ್ಲ."