ನಾಲ್ಕು ಮೂಲೆಯ ಲೆಕ್ಕ

ಅಪ್ಪ ದವಾಖಾನೆಯಿಂದ ಸಂಪಗಾಂವಿಗೆ ಬಂದ ಮರುದಿನ ನನ್ನ ದಿನಚರಿಯಲ್ಲಿ ಒಂದು ಹೊಸ ಸಾಲು ಸೇರಿಸಿದೆ. ಅಲ್ಲಿಯವರೆಗೆ ಅದರಲ್ಲಿ ಬೈಲಹೊಂಗಲದ ಕಾಲೇಜಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ತಾಸು ಓದಿದೆ ಎಂಬುದಷ್ಟೇ ಇರುತ್ತಿತ್ತು. ಹೊಸ ಸಾಲಿಗೆ ‘ಮೂಲೆ’ ಎಂದು ಹೆಸರಿಟ್ಟೆ. ಅಪ್ಪ ಬರೆದ ಚೌಕದಲ್ಲಿ ಎಷ್ಟು ಮೂಲೆ ಸರಿಯಾಗಿ ಕೂಡಿವೆ ಎಂದು ದಿನಕ್ಕೊಂದು ಅಂಕಿ ಬರೆಯುವುದು.

ಅಪ್ಪ ಗೌಂಡಿ. ಸುತ್ತಲಿನ ಊರುಗಳಲ್ಲಿ ಯಾರು ಮನೆ ಕಟ್ಟಿಸಿದರೂ ಬುನಾದಿಯ ಮೂಲೆ ಹಾಕಲು ಅವನನ್ನೇ ಕರೆಯುತ್ತಿದ್ದರು. ದಾರವನ್ನು ಒಂದು ಕಡೆ ಮೂರು ಫೂಟು, ಇನ್ನೊಂದು ಕಡೆ ನಾಲ್ಕು ಫೂಟು ಹಿಡಿದು, ಎರಡರ ತುದಿಗಳ ನಡುವೆ ಐದು ಬಂದರೆ ಮೂಲೆ ನೆಟ್ಟಗಿದೆ ಎಂದು ಅರ್ಥ. ಇದನ್ನು ನಾನು ಸಾಲೆಗಿಂತ ಮೊದಲು ಅವನಿಂದಲೇ ಕಲಿತೆ. ಈಗ ಮಿದುಳಿಗೆ ಪೆಟ್ಟು ಬಿದ್ದು ಅವನ ಎಡಗೈ ಸೋತಿತ್ತು. ನಡೆಯುವುದು ಬೇಗ ಬಂತು. ಆದರೆ ಕಣ್ಣು ಸರಿಯಿದ್ದರೂ ಎಡಗಡೆ ಇರುವುದು ಅವನ ಲಕ್ಷ್ಯಕ್ಕೆ ಬರುತ್ತಿರಲಿಲ್ಲ. ದಿನವೂ ಚೌಕ, ಆಯತ, ಲಂಬಕೋನ ತ್ರಿಭುಜ ಬರೆಸಿರಿ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಕೇಳುತ್ತಿದ್ದುದು ಮಾತ್ರ ಒಂದೇ, ಕೆಲಸಕ್ಕೆ ಯಾವಾಗ ಹೋಗಲಿ ಎಂದು.

ಮೊದಲ ದಿನದ ಚೌಕದಲ್ಲಿ ಬಲಗಡೆಗೊಂದು ಗೆರೆ ಇತ್ತು, ಮೇಲೊಂದು, ಕೆಳಗೊಂದು. ಎಡಗಡೆ ಬಯಲು. ಕೋನಮಾಪಕ ಇಟ್ಟು ನೋಡಿದೆ. ಬಲಗಡೆಯ ಎರಡೂ ಮೂಲೆ ತೊಂಬತ್ತು ಡಿಗ್ರಿ.

“ಅಪ್ಪಾ, ಇನ್ನೊಂದ ಗೆರಿ ಉಳದೈತಿ.”

“ಎಲ್ಲಿ ಉಳದೈತಿ? ನಾಕೂ ಹಾಕೇನಿ. ಇಪ್ಪತ್ತೆಂಟ ವರ್ಷ ಮೂಲಿ ಕಟ್ಟಿದಾವಗ ಚೌಕ ಕಲಸಾಕ ಬಂದಾಳ ನೋಡ, ಶಾಣ್ಯಾಕಿ!”

2 ಎಂದು ಬರೆದೆ. ಹತ್ತು ದಿನವೂ ಎರಡೇ. ತ್ರಿಭುಜದ ಲಂಬಕೋನ ಬಲಕ್ಕಿದ್ದರೆ ಚೊಕ್ಕಾಗಿ ಬರೆಯುತ್ತಿದ್ದ, ಎಡಕ್ಕಿದ್ದರೆ ಆ ಗೆರೆಯೇ ಬರುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಅವ್ವನಿಂದ. ಅಪ್ಪ ತಾಟಿನ ಎಡಗಡೆಯ ರೊಟ್ಟಿ ಹಾಗೇ ಬಿಟ್ಟು, “ಇಷ್ಟ ಹಾಕೀಯೇನ?” ಎಂದು ಸಿಟ್ಟಾಗುತ್ತಿದ್ದ. ಅವ್ವ ತಾಟು ತಿರುಗಿಸುತ್ತಿದ್ದಳು, ಅವನು ಉಳಿದದ್ದನ್ನೂ ಉಣ್ಣುತ್ತಿದ್ದ. ಹನ್ನೊಂದನೇ ದಿನ ನಾನೂ ಹಾಳೆ ತಿರುಗಿಸಿದೆ. “ಇದನ್ಯಾರ ಅರ್ಧಾ ಬಿಟ್ಟಾರ?” ಎನ್ನುತ್ತ ಅಪ್ಪ ನಾಲ್ಕನೆಯ ಗೆರೆ ಎಳೆದ. ತೊಂಬತ್ತು, ತೊಂಬತ್ತು. 4 ಎಂದು ಬರೆದು, ಪಕ್ಕದಲ್ಲಿ ಸಣ್ಣದಾಗಿ ‘ತಿರುಗಿಸಿ’ ಎಂದು ಸೇರಿಸಿದೆ. ಅಲ್ಲಿಂದ ಮುಂದೆ ಮೂವತ್ತೈದು ದಿನ ನಾಲ್ಕೇ. ಆಮೇಲಾಮೇಲೆ ‘ತಿರುಗಿಸಿ’ ಎಂದು ಬರೆಯುವುದನ್ನೂ ಬಿಟ್ಟುಬಿಟ್ಟೆ.

ಅಪ್ಪನ ಕೈಕೆಳಗೆ ಕಲಿತು ಈಗ ಸ್ವಂತ ಗುತ್ತಿಗೆ ಹಿಡಿಯುವ ಕಾಕಾ ಮನೆಗೆ ಬಂದಾಗ ನಾನೇ ಆ ಅಂಕಿಗಳನ್ನು ತೋರಿಸಿದೆ. ಅವನಿಗೆ ಖುಷಿಯಾಯಿತು. “ಅಣ್ಣಾ, ಬೈಲಹೊಂಗಲದಾಗ ಒಂದ ಮನಿ ಐತಿ. ನೀ ಬರೇ ಮೂಲಿ ಹಾಕಿಕೊಡ ಸಾಕ,” ಎಂದ. ಮರುದಿನ ಅಪ್ಪ ಎಲ್ಲರಿಗಿಂತ ಮೊದಲು ಎದ್ದು ಗಡ್ಡ ಮಾಡಿಕೊಂಡ. ಎಡಗೆನ್ನೆಯದನ್ನು ಅವ್ವ ಮಾಡಿದಳು.

ಜಾಗದಲ್ಲಿ ದಾರದ ಒಂದು ತುದಿ ನಾನು ಹಿಡಿದಿದ್ದೆ. ಅಪ್ಪ ಬಲಗಡೆಯ ಎರಡು ಮೂಲೆ ಹಾಕಿ, ಗೂಟ ಹೊಡೆಸಿ, “ಆತು, ಸುಣ್ಣಾ ಹಾಕ್ರಿ,” ಎಂದ. ಆಳುಗಳು ಕಾಕಾನ ಮುಖ ನೋಡಿದರು. ನಾನು ಅಪ್ಪನ ಕೈ ಹಿಡಿದು ಹಿತ್ತಲ ಕಡೆಗೆ ಕರೆದುಕೊಂಡು ಹೋದೆ. ಅಲ್ಲಿಂದ ತಿರುಗಿ ನೋಡಿದರೆ ಗೂಟವಿಲ್ಲದ ಬಯಲು ಅವನ ಬಲಕ್ಕೆ ಬಂತು.

“ಲೇ, ಎರಡ ಮೂಲಿ ಹಾಕೇ ಇಲ್ಲಲ್ಲೋ! ನಿಂತಲ್ಲೇ ನಿದ್ದಿ ಹೊಡಿಯಾಕ ಹತ್ತೀಯೇನ?”

“ತಪ್ಪಾತಣ್ಣಾ, ಮರತೆ,” ಎಂದ ಕಾಕಾ. ಆಳುಗಳು ಅವನನ್ನು ನೋಡಿ ನಕ್ಕರು.

ಅಪ್ಪ ಉಳಿದೆರಡು ಮೂಲೆ ಹಾಕಿದ. ಮೊದಲಿನ ಗೂಟಗಳು ಈಗ ಅವನ ಎಡಕ್ಕಿದ್ದವು, ಅವನು ಅತ್ತ ನೋಡಲೇ ಇಲ್ಲ. ದಾರ ಹಿಡಿದು ಅಳೆದೆ. ಮೂರು, ನಾಲ್ಕು, ಐದು. ನಾಲ್ಕೂ ಮೂಲೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಈ ಕಡೆಯಿಂದ ಹೋದ ಗೆರೆ ಆ ಕಡೆಯ ಗೆರೆಯನ್ನು ಮುಟ್ಟಲಿಲ್ಲ. ಮುಂದೆಯೂ ಹಿಂದೆಯೂ ಅವೆರಡು ಒಂದೇ ಸಾಲಿಗೆ ಬರದೆ ಒಂದೂವರೆ ಫೂಟು ಆಚೀಚೆ ಸರಿದಿದ್ದವು. ನಾಲ್ಕು ಲಂಬಕೋನ ಇದ್ದರೂ ಆಯತವಾಗಿರಲಿಲ್ಲ. ಇಷ್ಟು ದಿನ ನಾನು ಎಣಿಸಿದ್ದು ಮೂಲೆ ಮಾತ್ರ.

ಮನೆಯ ಯಜಮಾನರು ಅಪ್ಪನನ್ನು ಚಹಾಕ್ಕೆ ಕರೆದುಕೊಂಡು ಹೋದರು. ಆಳುಗಳು ಗೂಟ ಕೀಳತೊಡಗಿದರು. ಕಾಕಾ ನನ್ನ ಹತ್ತಿರ ಬಂದ.

“ಯವ್ವಾ, ನಾಳಿಂದ ಕರಕೊಂಡ ಬರಬ್ಯಾಡ. ಅವನ ಮುಂದ ಹೇಳಾಕ ನನಗ ಬಾಯಿ ಬರೂದಿಲ್ಲ. ನೀನ ಹೇಳ.”

ಬಸ್ಸಿನಲ್ಲಿ ಹೇಳಬೇಕೆಂದುಕೊಂಡೆ. ಅಪ್ಪ ಎಷ್ಟೋ ದಿನಗಳ ಮೇಲೆ ನಗುತ್ತಿದ್ದ. “ನೋಡಿದಿಲ್ಲ? ಅವಗ ಒಬ್ಬಗ ಬಿಟ್ರ ನಡಿಯಂಗಿಲ್ಲ. ಎರಡ ಮೂಲಿ ಮರತ ನಿಂತಿದ್ದ, ಹುಚ್ಚಪ್ಪ!”

ಮನೆಗೆ ಬಂದ ಕೂಡಲೇ ಅವ್ವನಿಗೂ ಅದನ್ನೇ ಹೇಳಿದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ನಾಳೆ ನಿಮ್ಮಪ್ಪಗ ಬುತ್ತಿ ಎಷ್ಟಕ್ಕ ಕಟ್ಟಲಿ? ಎಂಟರ ಬಸ್ಸೋ, ಒಂಬತ್ತರದೋ?”

“ಎಂಟರದು,” ಎಂದೆ.