ಮಿಠಾಯಿ ಶೋಕೇಸಿನಲ್ಲಿ ಹಾವು

ಗೆಳತಿಯರೇ, ಇವತ್ತು ಬೈಲಹೊಂಗಲದ ಬಜಾರದಲ್ಲಿ ಮಿಠಾಯಿ ಅಂಗಡಿಯವನ ಜೊತೆ ಜಗಳಾಡಿ ಗೆದ್ದು ಬಂದೆ.

ಮೊಮ್ಮಗಳು ಸಾಕಲೆಂದು ಪುಣೆಯಿಂದ ತಂದ ಬೋವಾ ಹಾವಿಗೆ ವಿಷವಿಲ್ಲ, ನಿಜ. ಆದರೆ ಅದು ಎರಡು ಸಲ ಬುಟ್ಟಿಯಿಂದ ಹೊರಬಂದಿತ್ತು. ಸಂಜೆಯೊಳಗೆ ಬೀಗ ಹಾಕುವಂಥ ಪೆಟ್ಟಿಗೆ ಬರದಿದ್ದರೆ ಹಾವು ವಾಪಸ್ ಪುಣೆಗೆ ಎಂದು ಸೊಸೆ ಹೇಳಿಬಿಟ್ಟಳು. ಹುಡುಗಿ ಅಳಲು ಕುಳಿತಳು. ಬಜಾರಕ್ಕೆ ಹೋದೆ; ಅಲ್ಲಿ ಹೊಸ ಗಾಜಿನ ಪೆಟ್ಟಿಗೆಗೆ ಕೇಳಿದ ದರದಲ್ಲಿ ಒಂದು ಆಕಳ ಕರುವೇ ಬರುತ್ತಿತ್ತು. ಮಿಠಾಯಿ ಅಂಗಡಿಯವನು ಹೊರಗಿಟ್ಟಿದ್ದ ಹಳೆಯ ಶೋಕೇಸು ನನ್ನ ಕಣ್ಣಿಗೆ ಬಿತ್ತು. ಜಾರುವ ಗಾಜು, ಬೀಗದ ಕೊಂಡಿ, ಹಿಂದೆ ಗಾಳಿಗೆ ಜಾಲರಿ, ಮೇಲೊಂದು ಬಲ್ಬು. ಹಾವಿಗೆ ಇನ್ನೇನು ಬೇಕು?

ದರ ಕುದುರಿದ ಮೇಲೆ ಅವನು ಕೇಳಿದ, "ಇದರಾಗ ಏನ್ ಇಡ್ತೀರಿ ಅಮ್ಮಾರ? ಫೇಡೆನೋ, ಕುಂದಾನೋ?"

"ಹಾವು."

ಅವನು ಶೋಕೇಸನ್ನೇ ತಬ್ಬಿಕೊಂಡ. "ಯವ್ವಾ, ಬ್ಯಾಡ್ರಿ! ಗಾಜಿನ ಮ್ಯಾಲೆ ನಮ್ಮ ಅಂಗಡಿ ಹೆಸರೈತಿ. ಮಂದಿ ನೋಡಿದ್ರ ನಾಳಿಂದ ನನ್ನ ಫೇಡೆ ಯಾರ್ ತಿಂತಾರ್ರಿ?"

"ಜಿರಲಿ ಓಡ್ಯಾಡಿದ್ರೂ ತಿಂದಾರಲ್ಲೋ ತಮ್ಮಾ! ಹೆಸರು ಕೆರೆದು ಕೊಡು."

ಗಿರಾಕಿಗಳು ನಕ್ಕರು. ಅವನು ಬ್ಲೇಡು ತಂದು ಹೆಸರು ಕೆರೆದ. ಅದರ ಕೆಳಗೆ "ಒಳಗೆ ಕೈ ಹಾಕಬಾರದು" ಎಂದು ಬರೆದಿತ್ತು. ಅದಕ್ಕೂ ಬ್ಲೇಡು ಹಚ್ಚಿದಾಗ ಅವನ ಕೈ ಹಿಡಿದೆ. "ಅದು ಇರಲಿ ಬಿಡು."

ಈಗ ಹಾವು ಒಳಗೆ ಮಲಗಿದೆ, ಕೀಲಿ ಸೊಸೆಯ ಸೊಂಟದಲ್ಲಿದೆ. ಆ ಸಾಲನ್ನು ಅಂಗಡಿಯಲ್ಲಿ ಯಾರೂ ಓದುತ್ತಿರಲಿಲ್ಲವಂತೆ. ನಮ್ಮ ಮನೆಗೆ ಬಂದವರು ಬಾಗಿಲಲ್ಲೇ ನಿಂತು ಎರಡೆರಡು ಸಲ ಓದುತ್ತಿದ್ದಾರೆ.